ಹಲ್ಲಿಗೆ ಕ್ಯಾಪು ಕೂಡಿಸುವ ಮುಂಚೆ

ನನ್ನ ಎದುರು ಕೂತವರ ಬಾಯಿ ತೆರೆದೇ ಇರುತ್ತದೆ, ಆದರೆ ಮಾತಾಡುವ ಹಾಗಿರುವುದಿಲ್ಲ. ಅಷ್ಟು ಹೊತ್ತು ತಡೆದಿಟ್ಟುಕೊಂಡ ಮಾತನ್ನು ಕುರ್ಚಿಯಿಂದ ಇಳಿಯುವಾಗ ಒಂದೇ ಏಟಿಗೆ ಆಡಿಬಿಡುತ್ತಾರೆ. ಆಮೇಲೆ ಬಾಯಿ ತೆರೆಯುವ ಸರದಿ ನನ್ನದು.

ನಾನು ಹಲ್ಲಿನ ಡಾಕ್ಟರು. ಆಳಂದದಲ್ಲಿ ನನ್ನ ದವಾಖಾನೆ. ವಾರದಲ್ಲಿ ಒಂದು ದಿನ ಅಫಜಲಪುರಕ್ಕೆ, ಒಂದು ದಿನ ಜೇವರ್ಗಿಗೆ ಬಸ್ಸು ಹಿಡಿದು ಹೋಗಿ, ಪರಿಚಯದ ಡಾಕ್ಟರರ ಕೋಣೆಯಲ್ಲಿ ಕೂಡುತ್ತೇನೆ. ಮೂರೂ ಊರಲ್ಲಿ ಹೆಚ್ಚಾಗಿ ಬರುವ ಕೆಲಸ ಹಲ್ಲಿಗೆ ಕ್ಯಾಪು ಕೂಡಿಸುವುದು. ಶುರುವಿನಲ್ಲಿ, ಕ್ಯಾಪು ಅಂತ ಇಂಗ್ಲಿಷಿನಲ್ಲಿ ಯಾಕೆ ಹೇಳಬೇಕು ಎಂದುಕೊಂಡು ಒಬ್ಬರಿಗೆ "ನಿಮಗೊಂದು ಟೋಪಿ ಹಾಕ್ತೇನಿ" ಎಂದಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ಅವತ್ತಿನಿಂದ ಕ್ಯಾಪು ಎಂದೇ ಹೇಳುತ್ತೇನೆ.

ಬಾಯಿ ಡಾಕ್ಟರು

ನಮ್ಮ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಬಾಯಿ, ಬಾಯಾರು ಎಂದು ಕರೆಯುತ್ತಾರೆ. ದವಾಖಾನೆ ಹೊಸದಾಗಿ ತೆರೆದಾಗ ನರೋಣಾದ ಒಬ್ಬ ಅತ್ತೆ ತಮ್ಮ ತುಂಬಿದ ಬಸುರಿ ಸೊಸೆಯನ್ನು ಕರೆದುಕೊಂಡು ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಅವರು ಬಾಯಿ ಡಾಕ್ಟರು ಎಲ್ಲಿ ಕೂಡುತ್ತಾರೆ ಎಂದು ಕೇಳಿದ್ದರಂತೆ. ಅವರ ಮನಸ್ಸಿನಲ್ಲಿದ್ದದ್ದು ಹೆರಿಗೆ ಮಾಡಿಸುವ ಹೆಣ್ಣು ಡಾಕ್ಟರು. ದಾರಿ ತೋರಿಸಿದವರು ಬಾಯಿ ನೋಡುವ ಡಾಕ್ಟರ ಕಡೆ ಕಳಿಸಿದ್ದರು. ನಾನೂ ಹೆಣ್ಣೇ ಆದ್ದರಿಂದ ಅವರಿಗೆ ಅನುಮಾನ ಬರಲಿಲ್ಲ. ಇದು ನನಗೇನು ಗೊತ್ತು?

ಸೊಸೆಯನ್ನು ಹುಷಾರಾಗಿ ಕುರ್ಚಿಯಲ್ಲಿ ಒರಗಿಸಿ, ಬಾಯಿ ತೆರೆಯಲು ಹೇಳಿ, ದೀಪ ಹಚ್ಚಿದೆ. ಪಾಪ, ಆ ಹುಡುಗಿ ದೊಡ್ಡವರು ಹೇಳಿದ ಮೇಲೆ ಎದುರು ಆಡಬಾರದೆಂದು ಬಾಯಿ ತೆರೆದಳು. ಹಲ್ಲೆಲ್ಲಾ ಚೆನ್ನಾಗಿದ್ದವು. ಎಲ್ಲಾ ಸರಿ ಇದೆ, ಚಿಂತೆ ಬೇಡ ಎಂದೆ. ಅತ್ತೆಗೆ ಸಮಾಧಾನವಾಗಲಿಲ್ಲ. ನನ್ನ ಹೆಗಲ ಮೇಲಿಂದ ಬಗ್ಗಿ ಸೊಸೆಯ ಗಂಟಲ ತನಕ ಇಣುಕಿ ನೋಡಿ ಮೆಲ್ಲಗೆ ಕೇಳಿದರು:

"ಇಲ್ಲಿಂದ ಕೂಸು ಕಾಣಸ್ತದೇನ್ರಿ?"

ಸಾಹುಕಾರರ ದವಡೆ

ಮಟಕಿಯ ಕಿರಾಣಿ ಅಂಗಡಿಯ ಸಾಹುಕಾರರು ದವಡೆ ಹಲ್ಲು ನೋಯುತ್ತದೆಂದು ಬಂದಿದ್ದರು. ಕೀಳಿಸಬೇಕೆಂದೇ ಬಂದವರು. ಕೀಳುವುದು ಬೇಡ, ರೂಟ್ ಕೆನಾಲ್ ಮಾಡಿ ಮೇಲೊಂದು ಕ್ಯಾಪು ಕೂಡಿಸಿದರೆ ಹಲ್ಲು ಉಳಿಯುತ್ತದೆ ಎಂದು ನಾನೇ ಒಪ್ಪಿಸಿದೆ. ರೂಟ್ ಕೆನಾಲ್ ಮುಗಿಯಿತು, ನೋವೂ ಹೋಯಿತು. ಮುಂದಿನದು ಹಲ್ಲನ್ನು ಅರೆಯುವ ಕೆಲಸ.

ಈ ಅರೆಯುವುದು ಹೇಗೆಂದರೆ, ಕೊಡಲಿಯ ಕಾವು ಕೂಡಿಸುವಾಗ ಕಟ್ಟಿಗೆಯ ತುದಿಯನ್ನು ಸುತ್ತಲೂ ಕೆತ್ತುತ್ತಾರಲ್ಲ, ಹಾಗೆ. ಹಲ್ಲನ್ನು ಮೇಲೆ ಸ್ವಲ್ಪ, ಸುತ್ತಲೂ ಸ್ವಲ್ಪ ಅರೆದು ಸಣ್ಣದು ಮಾಡಬೇಕು. ಹಾಗೇ ಇಟ್ಟರೆ ಕ್ಯಾಪು ಉಳಿದ ಹಲ್ಲಿಗಿಂತ ಎತ್ತರವಾಗಿ, ಬಾಯಿ ಮುಚ್ಚಿದಾಗ ಅದೊಂದೇ ತಾಗುತ್ತದೆ. ಇದನ್ನೆಲ್ಲಾ ಸಾಹುಕಾರರಿಗೆ ಹೇಳಬೇಕಿತ್ತು. ಹೇಳಿದೆನೆಂದೇ ನಾನು ತಿಳಿದಿದ್ದೆ. ಹೇಳಿದ್ದು ಅವರಿಗಿಂತ ಮುಂಚೆ ಬಂದಿದ್ದ ಪೇಶಂಟಿಗೆ.

ಮಷೀನು ಗುಂಯ್‌ ಎನ್ನತೊಡಗಿದಾಗ ಅವರ ಕಣ್ಣು ಅಗಲವಾದವು. ನೀರು ಎಳೆಯುವ ಕೊಳವೆಯನ್ನೇ ನೋಡುತ್ತ ಕೂತರು. ತಮ್ಮ ಹಲ್ಲಿನ ಪುಡಿ ಅದರೊಳಗೆ ಹೋಗುತ್ತಿದೆ ಎಂಬುದು ತೂಕದ ವ್ಯವಹಾರ ಮಾಡುವವರಿಗೆ ಗೊತ್ತಾಗದೆ ಇರುತ್ತದೆಯೇ? ನಡುನಡುವೆ ಕೈ ಎತ್ತಿ ಏನೋ ಹೇಳಲು ನೋಡಿದರು. ಆಯಿತು, ಇನ್ನೊಂದು ಸ್ವಲ್ಪ ಎಂದು ನಾನು ಅರೆಯುತ್ತಲೇ ಹೋದೆ.

ಮುಗಿದ ಮೇಲೆ ಕನ್ನಡಿ ಕೊಟ್ಟೆ. ಎರಡು ದೊಡ್ಡ ಹಲ್ಲುಗಳ ನಡುವೆ ಒಂದು ಮೋಟು ಗೂಟ ನಿಂತಿತ್ತು. ಸಾಹುಕಾರರು ಕನ್ನಡಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ನಾಲಿಗೆಯಿಂದ ತಡವಿದರು. ಆಮೇಲೆ ಸಿಟ್ಟಿಲ್ಲದೆ, ಬರೀ ದುಃಖದಿಂದ ಹೇಳಿದರು:

"ಡಾಕ್ಟರಬಾಯಿ, ಹಲ್ಲು ಉಳಸ್ತೇನಿ ಅಂದಿದ್ರಿ, ಖರೆ. ಇಷ್ಟ ಉಳಸ್ತೇನಿ ಅಂತ ಹೇಳಿರಲಿಲ್ಲ ನೋಡ್ರಿ."

ಎಲ್ಲಕ್ಕಿಂತ ಬಿಳಿಯದು

ಮುಂದಿನ ಹಲ್ಲಿಗೆ ಕ್ಯಾಪು ಮಾಡಿಸುವಾಗ ಬಣ್ಣ ನೋಡಬೇಕು. ನಮ್ಮ ಹತ್ತಿರ ಬೇರೆ ಬೇರೆ ಬಣ್ಣದ ಹಲ್ಲುಗಳನ್ನು ಜೋಡಿಸಿದ ಒಂದು ಪಟ್ಟಿ ಇರುತ್ತದೆ. ಅದನ್ನು ಪೇಶಂಟಿನ ಹಲ್ಲಿನ ಪಕ್ಕ ಹಿಡಿದು, ಯಾವುದು ಕೂಡುತ್ತದೆ ಎಂದು ಬಿಸಿಲ ಬೆಳಕಿನಲ್ಲಿ ನೋಡುತ್ತೇವೆ.

ಅಫಜಲಪುರದಲ್ಲಿ ಬಳೆ ಮಾರುವ ಒಬ್ಬ ಅಜ್ಜಿಯನ್ನು ಹಾಗೆ ಬಾಗಿಲ ಹೊರಗೆ ಕರೆತಂದು ನಿಲ್ಲಿಸಿದೆ. ಸಣ್ಣಂದಿನಿಂದ ಎಲೆ ಅಡಿಕೆ ತಂಬಾಕು ಹಾಕಿದ ಬಾಯಿ. ಹಲ್ಲುಗಳಿಗೆ ಹುಣಸೆಹಣ್ಣಿನ ಬಣ್ಣ ಬಂದಿತ್ತು. ನಾನು ಪಟ್ಟಿಯಲ್ಲಿ ಎಲ್ಲಕ್ಕಿಂತ ಕಂದು ಇದ್ದದ್ದನ್ನು ಆರಿಸಿದೆ. ಅಜ್ಜಿ ಎಲ್ಲಕ್ಕಿಂತ ಬಿಳಿಯದನ್ನು ಬೆರಳಿಟ್ಟು ತೋರಿಸಿದಳು. ಅಕ್ಕಪಕ್ಕದ ಹಲ್ಲಿಗೆ ಹೊಂದಬೇಕಜ್ಜಿ ಎಂದೆ. ಬಳೆ ತೊಡಿಸುವಾಗ ಹೆಣ್ಣುಮಕ್ಕಳು ಕೇಳಿದ ಬಣ್ಣ ಕೊಡುತ್ತೇನೆಯೇ ಹೊರತು ಅವರ ಕೈ ಕಪ್ಪಗಿದೆ ಎಂದು ಕಪ್ಪು ಬಳೆ ಕೊಡುತ್ತೇನೇನು ಎಂದು ಅವಳು ನನ್ನನ್ನೇ ಕೇಳಿದಳು. ಬೆಂಚಿನ ಮೇಲೆ ಕೂತಿದ್ದ ಪೇಶಂಟುಗಳು ಎದ್ದು ಬಂದರು. ಎದುರಿನ ಚಹಾದಂಗಡಿಯವನೂ ಬಂದು ಪಟ್ಟಿ ನೋಡಿದ. ಎಲ್ಲರೂ ಅಜ್ಜಿಯ ಕಡೆಗೇ ಆದರು. ನಾನು ಸೋತು ಬಿಳಿಯದನ್ನೇ ಮಾಡಿಸಿ ಕೂಡಿಸಿದೆ.

ಕೆಲವು ದಿನ ಬಿಟ್ಟು ಅಜ್ಜಿ ಮತ್ತೆ ಬಂದಾಗ, ಬಣ್ಣ ಬದಲಿಸಲು ಬಂದಳೆಂದು ನಾನು ಪಟ್ಟಿ ಹೊರಗೆ ತೆಗೆದೆ. ಆದರೆ ಅವಳು ನಗುನಗುತ್ತಲೇ ಬಂದಿದ್ದಳು.

"ಊರಾಗ ಎಲ್ಲಾರೂ ಕೇಳಾಕತ್ತಾರವ್ವಾ, ಅಜ್ಜಿ, ನಿಂದು ಸ್ವಂತ ಹಲ್ಲು ಒಂದ ಉಳದದ, ಬಾಕಿ ಹಲ್ಲು ಯಾರು ಕಟ್ಟ್ಯಾರ ಅಂತ. ಯಾಕ ಸುಳ್ಳು ಹೇಳಬೇಕು, ನಿನ್ನ ಹೆಸರ ಹೇಳೇನಿ."

ಜೇವರ್ಗಿಯ ಬೀಗರು

ಜೇವರ್ಗಿಯಲ್ಲಿ ತೊಗರಿ ದಲಾಲಿ ಮಾಡುವ ಒಬ್ಬರಿದ್ದಾರೆ. ಮನುಷ್ಯ ಬಂಗಾರ, ಬಾಯಿ ಮಾತ್ರ ನಿಲ್ಲುವುದಿಲ್ಲ. ಅದರಿಂದಾಗಿಯೇ ಮಗಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಮೊದಲನೆಯ ವರನಿಗೆ ಎಲ್ಲರೆದುರು ಕೂದಲು ಉದುರುವುದಕ್ಕೆ ಔಷಧ ಹೇಳಿದ್ದರು. ಎರಡನೆಯ ವರನ ಅಜ್ಜ ಹಿಂದೆ ಸಂತೆಯಲ್ಲಿ ಕುಂಟ ಎತ್ತು ಕೊಂಡು ಹೇಗೆ ಮೋಸ ಹೋದರು ಎಂಬುದನ್ನು ಆ ಅಜ್ಜನ ಎದುರಿಗೇ ವರ್ಣಿಸಿದ್ದರು.

ಮೂರನೆಯ ಹುಡುಗ ಅಫಜಲಪುರದ ಮಾಸ್ತರ. ಅವನು ಮಗಳ ಮನಸ್ಸಿಗೆ ಬಂದಿದ್ದ. ಅವರ ಮನೆಯವರು ಸಂಜೆಗೆ ಮಾತುಕತೆಗೆ ಬರುವವರಿದ್ದ ದಿನವೇ ಈ ಯಜಮಾನರ ದವಡೆ ಹಲ್ಲು ಒಡೆದು ನಾಲಿಗೆಗೆ ಚುಚ್ಚತೊಡಗಿತು. ಮುಂಜಾನೆಯೇ ಹೆಂಡತಿ ಮಗಳ ಜೊತೆ ಬಂದರು. ನಾನು ಇಂಜೆಕ್ಷನ್ ಕೊಟ್ಟೆ. ಸೂಜಿ ತೆಗೆದ ಮೇಲೂ ಅವರು ತೊಗರಿಯ ಧಾರಣೆ ಹೇಳುತ್ತಲೇ ಇದ್ದರು. ಬರಬರುತ್ತ ತೊಗರಿ ತೊಗಯಿ ಆಯಿತು, ಆಮೇಲೆ ಬರೀ ಗಾಳಿ ಬಂತು, ಆಮೇಲೆ ಅದೂ ನಿಂತಿತು.

ಹಲ್ಲು ಅರೆದು, ಕಣಕದಂಥ ಮುದ್ದೆಯನ್ನು ಬಾಯಿಗೆ ಒತ್ತಿ ಅಚ್ಚು ತೆಗೆದು, ಕಾಯಂ ಕ್ಯಾಪು ಬರುವ ತನಕ ಇರಲೆಂದು ಒಂದು ಕಚ್ಚಾ ಕ್ಯಾಪು ಕೂಡಿಸಿದೆ. ಜೋಮು ಇಳಿಯುವ ತನಕ ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡೀರಿ ಎಂದು ಹೇಳಿದೆ. ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಈ ಜೋಮು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಹೆದರಬೇಡಿ, ಸಂಜೆಗೆ ಮಾತು ಸರಿಯಾಗುತ್ತದೆ ಎಂದೆ. ಅವರ ಮುಖ ಬಾಡಿತು. ಅಷ್ಟರಲ್ಲಿ ಮಗಳಿಗೆ ಫೋನು ಬಂತು. ಬೀಗರು ಮುಂಚಿನ ಬಸ್ಸಿಗೇ ಹೊರಟು ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದರು. ತಾಯಿ ಮಗಳು ಯಜಮಾನರನ್ನು ಎರಡೂ ಕಡೆ ಹಿಡಿದುಕೊಂಡು ಓಡಿದರು.

ಮುಂದೆ ನಡೆದದ್ದನ್ನು ಆ ತಾಯಿಯೇ ಹೇಳಿದ್ದು. ಬೀಗರು ಏನು ಕೇಳಿದರೂ ಯಜಮಾನರು ಗಂಭೀರವಾಗಿ ತಲೆ ಆಡಿಸಿದರು. ಮಂಡಕ್ಕಿಯ ಸುಸಲಾ, ಮಿರ್ಚಿಭಜಿ ತಂದಿಟ್ಟರೆ ಮುಟ್ಟಲಿಲ್ಲ. ಆಸೆಬುರುಕರಲ್ಲ ಎಂದು ಬೀಗರಿಗೆ ಮೆಚ್ಚುಗೆಯಾಯಿತು. ಚಹಾವನ್ನಾದರೂ ಕುಡಿಯೋಣವೆಂದು ಬಾಯಿಗಿಟ್ಟರೆ ಅದು ಜೋಮು ಹಿಡಿದ ಕಡೆಯಿಂದ ಸೋರಿತು. ದಸ್ತಿಯಿಂದ ಮುಖ ಮುಚ್ಚಿಕೊಂಡು ಒರೆಸಿಕೊಂಡರು. ಅದೇ ಹೊತ್ತಿಗೆ ಮಗಳು ಬಂದು ಕಾಲಿಗೆ ನಮಸ್ಕಾರ ಮಾಡುತ್ತಿದ್ದಳು. ಮಗಳು ಹೋಗುತ್ತಾಳಲ್ಲ ಎಂದು ತಂದೆ ಅಳುತ್ತಿದ್ದಾರೆಂದು ತಿಳಿದು ವರನ ತಾಯಿಯೂ ಅತ್ತುಬಿಟ್ಟರು. ಇಂಥ ಮಿತಭಾಷಿ ಮನೆತನ ಸಿಗುವುದಿಲ್ಲವೆಂದು ಬೀಗರು ಅಲ್ಲೇ ಒಪ್ಪಿ, ಸಕ್ಕರೆ ಹಂಚಿ ಎದ್ದರು.

ಮುಂದಿನ ವಾರ ಕಾಯಂ ಕ್ಯಾಪು ಕೂಡಿಸಿದೆ. ಅದಕ್ಕೆ ಇಂಜೆಕ್ಷನ್ ಬೇಕಾಗಲಿಲ್ಲ. ಯಜಮಾನರು ಪೇಢಾ ಕೊಟ್ಟು, ಹೊರಗೆ ಬೆಂಚಿನ ಮೇಲಿದ್ದವರಿಗೆ ತಾವು ಸಂಬಂಧ ಕುದುರಿಸಿದ ಚಾತುರ್ಯವನ್ನು ಹೇಳಲು ಹೋದರು. ಹೆಂಡತಿ ಒಳಗೇ ಉಳಿದರು. ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಬಂದರು.

"ಡಾಕ್ಟರಬಾಯಿ, ಮದುವಿ ದಿನ ಮಂಟಪಕ್ಕ ಬಂದು ಇವರಿಗೆ ಇನ್ನೊಂದು ಇಂಜೆಕ್ಷನ್ ಮಾಡ್ತೀರೇನ್ರಿ?"

ಯಾವ ಹಲ್ಲು ನೋಯುತ್ತಿದೆ ಎಂದು ಕೇಳಿದೆ.

"ಯಾವ ಹಲ್ಲಾದ್ರೂ ನಡೀತದ್ರಿ," ಎಂದರು.