ಕಿಟಕಿ ಸೀಟಿನ ರಾಜಹಂಸ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಕೆಲವು ವರ್ಷ ಲೋಕಲ್ ರೈಲು ಹತ್ತಿಳಿದವರಿಗೆ ಆ ನೂಕುನುಗ್ಗಲಿನ ಬುದ್ಧಿ ಸಾಯುವ ತನಕ ಬಿಡುವುದಿಲ್ಲ. ಮದುವೆ ಊಟಕ್ಕೂ ಓಡುತ್ತೇವೆ, ದೇವಸ್ಥಾನದ ಸಾಲಿನಲ್ಲೂ ಮೊಣಕೈ ಆಡಿಸುತ್ತೇವೆ. ರಾಜಹಂಸ ನೋಡಲು ಹೋದಾಗ ಆದದ್ದೂ ಅದೇ.

ಚಳಿಗಾಲದಲ್ಲಿ ಐರೋಲಿಯ ನನ್ನ ಆಫೀಸಿನ ಕಿಟಕಿಯಿಂದ ಥಾಣೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನಾಚೆ ಒಂದು ಗುಲಾಬಿ ಗೆರೆ ಕಾಣುತ್ತಿತ್ತು. ಅದಷ್ಟೂ ಫ್ಲೆಮಿಂಗೊ, ನಮ್ಮ ರಾಜಹಂಸ. ಬೋಟಿನಲ್ಲಿ ಕರೆದೊಯ್ದು ಹತ್ತಿರದಿಂದ ತೋರಿಸುತ್ತಾರೆ ಎಂದು ಗೊತ್ತಾದಾಗಿನಿಂದ ನನಗೆ ಒಂದೇ ಆಸೆ. ಒಂದು ಸಲ ಕಣ್ತುಂಬ ನೋಡಬೇಕು.

ನೀರು ಹೋಯಿತು

ಮೊದಲ ಸಲ ಹೋದದ್ದು ಲೇಡೀಸ್ ಡಬ್ಬಿಯ ಗೆಳತಿಯರ ಜೊತೆ. ಬೋಟು ಜೆಟ್ಟಿಗೆ ಬಂದದ್ದೇ ತಡ, ಒಳಗಿದ್ದವರು ಇಳಿಯುವ ಮೊದಲೇ ನುಗ್ಗಿದೆವು. ಒಬ್ಬಳು ದೂರದಿಂದಲೇ ಸೀಟಿಗೆ ಕರ್ಚೀಫು ಎಸೆದಳು. ಇಳಿಯುವವರಿಗೆ ದಾರಿಯಿಲ್ಲ, ಹತ್ತುವವರಿಗೆ ಜಾಗವಿಲ್ಲ. "ಪೆಹಲೇ ಉತರ್‌ನೇ ದೋ!" ಎಂದು ಬೋಟಿನವನು ಅರಚಿಕೊಂಡ. ಯಾರು ಕೇಳುತ್ತಾರೆ?

ಜಗಳ ಮುಗಿಯುವಷ್ಟರಲ್ಲಿ ಕಡಲಿನ ಇಳಿತಕ್ಕೆ ನೀರು ಇಳಿದು ಬೋಟು ಕೆಸರಿನಲ್ಲಿ ಕೂತಿತು. ಇನ್ನು ನೀರು ಏರಿದ ಮೇಲೆಯೇ ಹೊರಡುವುದು ಎಂದ ಬೋಟಿನವನು. ನನಗೆ ಅಳು ಬರುವುದೊಂದು ಬಾಕಿ. ಕರ್ಚೀಫಿನವಳು ವಾಚು ನೋಡಿಕೊಂಡು ಕೇಳಿದಳು, "ಮುಂದಿನ ನೀರು ಸ್ಲೋ ಲೋಕಲ್ಲಾ, ಫಾಸ್ಟಾ?"

ಬಲಗಡೆ

ಮರುವರ್ಷ ಗಂಡಂದಿರನ್ನೂ ಎಳೆದುಕೊಂಡು ಹೋದೆವು. ಈ ಸಲ ಸುಸೂತ್ರವಾಗಿ ಹೊರಟೆವು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ತಿರುವಿನಲ್ಲಿ ಬೋಟಿನವನು ಮೆಲ್ಲಗೆ, "ಮುಂದೆ ಬಲಗಡೆ ಬರುತ್ತವೆ, ಸದ್ದು ಮಾಡಬೇಡಿ" ಎಂದ.

ಲೋಕಲ್‌ನಲ್ಲಿ ಪ್ಲಾಟ್‌ಫಾರ್ಮ್ ಬರುವ ಕಡೆಗೆ ಮೊದಲೇ ಒತ್ತಿ ನಿಲ್ಲುವವರಿಗೆ ಬಲಗಡೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು! ಎಲ್ಲರೂ ಚೀಲ ಎದೆಗೆ ಅವುಚಿಕೊಂಡು ಎದ್ದು ಬಲಕ್ಕೆ ಒತ್ತಿದರು. ಬೋಟು ವಾಲಿತು, ಹೆಂಗಸರು ಕಿರುಚಿದರು, ಅಷ್ಟೂ ಹಕ್ಕಿ ಹಾರಿಹೋದವು. ನನಗೆ ಕಂಡದ್ದು ಜನರ ಬೆನ್ನು ಮಾತ್ರ. ಆ ಗಲಾಟೆಯಲ್ಲೂ ಕುಂದಾಪುರದ ಹಿರಿಯರೊಬ್ಬರು ರೈಲಿನ ಬಾಗಿಲಲ್ಲಿ ಮುಂದಿನವರು ಇಳಿಯುತ್ತಾರಾ ಎಂದು ಕೇಳುವಂತೆ ಹಿಂದಿನಿಂದ ನನ್ನ ಭುಜ ತಟ್ಟಿ, "ಉತರ್‌ನಾ ಹೈ ಕ್ಯಾ?" ಎಂದರು.

ಕಿಟಕಿ

ಮೂರನೇ ಚಳಿಗಾಲಕ್ಕೆ ನಮ್ಮವರಿಗೆ ನಾಗಪುರಕ್ಕೆ ವರ್ಗವಾಗಿತ್ತು. ಇನ್ನು ಈ ಕಡೆ ಬರುವುದೆಲ್ಲಿ? ಇದೇ ಕೊನೆ ಎಂದು ನಾವಿಬ್ಬರೇ ಹೋದೆವು. ಪಾಪ, ಅವರು ನನಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಇಷ್ಟು ವರ್ಷದ ಓಡಾಟದಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿದ್ದೇ ಅಪರೂಪ. ತಂಪು ಗಾಳಿ, ಎಂಜಿನ್ನಿನ ಗುಡುಗುಡು. ಸುಮ್ಮನೆ ಕಣ್ಣು ಮುಚ್ಚಿದೆ.

ಜೆಟ್ಟಿಗೆ ಬೋಟು ತಾಗಿದಾಗ ದಡಬಡಿಸಿ ಎದ್ದು, ಚೀಲ ಹೆಗಲಿಗೇರಿಸಿ, "ಡೊಂಬಿವಲಿ ಬಂತಾ?" ಎಂದೆ. ಬೋಟಿಗೆ ಬೋಟೇ ನಕ್ಕಿತು.

"ರೀ, ಹಕ್ಕಿ?"

"ಕೈಗೆ ಸಿಗುವಷ್ಟು ಹತ್ತಿರ ಇದ್ದವು ಮಾರಾಯ್ತಿ!"

"ಎಬ್ಬಿಸಬಾರದಿತ್ತಾ?"

"ಕಿಟಕಿ ಸೀಟು ಸಿಕ್ಕಿ ಮಲಗಿದವಳನ್ನು ಸ್ಟೇಷನ್ ಬರುವ ಮೊದಲು ಯಾರಾದರೂ ಎಬ್ಬಿಸುತ್ತಾರಾ?"

ನ್ಯಾಯವೇ. ಆದರೆ ಹೊಟ್ಟೆ ಇನ್ನೂ ಉರಿಯುತ್ತದೆ.

ಅವರು ತೆಗೆದ ಫೋಟೋ ಈಗ ನಾಗಪುರದ ಮನೆಯ ಹಾಲ್‌ನಲ್ಲಿದೆ. ಬಾಯಿ ತೆರೆದು ಮಲಗಿದ ನಾನು, ನನ್ನ ಹಿಂದೆ ಸಾಲುಸಾಲು ರಾಜಹಂಸ, ಒಂದೊಂದರ ಕತ್ತೂ ನನ್ನ ಕಡೆಗೇ. ಬಂದವರೆಲ್ಲ, "ಅಬ್ಬಾ, ಎಷ್ಟು ಹತ್ತಿರದಿಂದ ನೋಡಿದಿರಿ!" ಎನ್ನುತ್ತಾರೆ.

"ನಾನೆಲ್ಲಿ ನೋಡಿದೆ? ಅವು ಅಷ್ಟು ದೂರದಿಂದ ಹಾರಿಬಂದು ನನ್ನನ್ನು ನೋಡಿಕೊಂಡು ಹೋದವು" ಎನ್ನುತ್ತೇನೆ.