ವೀಳ್ಯದ ತಟ್ಟೆ ಮತ್ತು ದಂಡದ ಎರಡು ಸಾಲು

ನಮ್ಮ ಪಂತೂನ್ ಪದ್ಯಕ್ಕೆ ನಾಲ್ಕು ಸಾಲು. ಅದರಲ್ಲಿ ಮೊದಲಿನ ಎರಡು ಶುದ್ಧ ದಂಡ ಎಂಬುದು ನನ್ನ ಹಳೆಯ ತಕರಾರು. ಹೇಳಬೇಕಾದ ಮಾತೆಲ್ಲ ಇರುವುದು ಕೊನೆಯ ಎರಡರಲ್ಲಿ. ಅಲ್ಲಿಗೆ ಬರುವ ಮೊದಲು ದೋಣಿ, ಕೊಕ್ಕರೆ, ಸೋರೆಕಾಯಿ ಎಂದು ಊರೆಲ್ಲ ಸುತ್ತಬೇಕು. ಅದೂ ಪ್ರಾಸದ ಬಾಲ ಹಿಡಿದುಕೊಂಡು. ರಬ್ಬರ್ ಕಾರ್ಖಾನೆಯ ಗೇಟಿನ ಮುಂದೆ ಆಯುಷ್ಯವೆಲ್ಲ ಘೋಷಣೆ ಕೂಗಿದವನು ನಾನು. ಪೊಲೀಸರು ಅಶ್ರುವಾಯು ಹಾರಿಸುವ ಹೊತ್ತಿನಲ್ಲಿ ಸೋರೆಕಾಯಿಯಿಂದ ಶುರು ಮಾಡಿದ್ದರೆ ನಮ್ಮ ಸಂಬಳ ಏರುತ್ತಿತ್ತೇ? (ಲಾಠಿ ಏರುತ್ತಿತ್ತು.)

ಈ ತಕರಾರು ನನ್ನ ತಲೆಯೊಳಗೇ ಇದ್ದಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ನನ್ನ ಮಗ ಹೈಕಲ್ ದನದ ಡಾಕ್ಟರ್ ನಜ್ಮಿಯಾಳನ್ನು ಮೆಚ್ಚಿದ. ಅವಳೂ ಮೆಚ್ಚಿದಳು. ಹೆಣ್ಣು ಕೇಳಲು ಹೋಗುವುದಷ್ಟೇ ಬಾಕಿ. ಅವಳ ಮನೆಯವರು ಮುವಾರ್ ಹೊಳೆಯಾಚೆಯ ಹಳೇ ಕುಳಗಳು. ಪದ್ಯದಲ್ಲಿ ಕೇಳದಿದ್ದರೆ ಅವರಿಗೆ ಕಿವಿಯೇ ಕೇಳಿಸುವುದಿಲ್ಲ. ನಮ್ಮ ಕಡೆಯಿಂದ ಯಾವಾಗಲೂ ಪದ್ಯ ಹೇಳುವ ನನ್ನ ತಮ್ಮ, ಅದೇ ವಾರ ಹಲ್ಲು ಕೀಳಿಸಿಕೊಂಡು ಕೆನ್ನೆಯನ್ನು ಕುಂಬಳಕಾಯಿ ಮಾಡಿಕೊಂಡು ಕೂತ.

"ಚಿಂತೆ ಯಾಕೆ? ನಾನಿಲ್ವಾ?" ಎಂದೆ.

ನನ್ನ ಹೆಂಡತಿ ರುಗಾಯಾ ಮಜ್ಜಿಗೆಹುಲ್ಲು ಕೊಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ಅಬಾಂಗ್, ಅದು ಹೆಣ್ಣು ಕೇಳೋದು. ಬೋನಸ್ ಕೇಳೋದಲ್ಲ." (ಗಂಡನನ್ನು 'ಅಬಾಂಗ್' ಎಂದು ಕರೆಯುವುದು ನಮ್ಮ ಕಡೆಯ ರೂಢಿ.)

"ಹತ್ತು ಸಾವಿರ ಜನರನ್ನ ಒಂದು ಕೂಗಿಗೆ ಎಬ್ಬಿಸಿ ನಿಲ್ಲಿಸಿದವನು ಕಣೇ ನಾನು!"

"ಅದೇ ಭಯ ನಂಗೆ. ಅಲ್ಲಿ ಎಲ್ರೂ ಕೂತಿರ್ಬೇಕು."

"ಹೋಗ್ಲಿ, ನಿನ್ನಪ್ಪ ನಿನ್ನನ್ನ ನಂಗೆ ಯಾಕೆ ಕೊಟ್ರು? ನನ್ನ ಭಾಷಣಕ್ಕೆ ಮರುಳಾಗಿ!"

ಅವಳು ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮತ್ತೆ ಹುಲ್ಲು ಕೊಚ್ಚತೊಡಗಿದಳು. ಮಾತಿಗೆ ಮಾತು ಕೊಡದ ಹೆಂಡತಿ ಸೋತಿದ್ದಾಳೆಂದು ತಿಳಿಯುವ ಮೂರ್ಖರ ಸಂಘಕ್ಕೆ ನಾನು ಆಜೀವ ಅಧ್ಯಕ್ಷ.

ಹೊರಡುವ ದಿನ ರೇಷ್ಮೆಯ ಅಂಗಿ, ಕಪ್ಪು ಟೋಪಿ ಧರಿಸಿ ರಾಯಭಾರಿಯಂತೆ ಕಾರು ಹತ್ತಿದೆ. ಸೀಟಿನ ಕೆಳಗೆ ನಾನು ಬಚ್ಚಿಟ್ಟಿದ್ದ ಘೋಷಣೆಯ ಕೈಮೈಕನ್ನು ರುಗಾಯಾ ಎಳೆದು ಕೋಳಿಗೂಡಿನ ಮೇಲಿಟ್ಟಳು. ಶಾಸ್ತ್ರದಂತೆ ಮದುಮಗ ಜೊತೆಗೆ ಬರುವ ಹಾಗಿಲ್ಲ. ಹೈಕಲ್ ಕಿಟಕಿಗೆ ಬಗ್ಗಿ, "ಅಬಾ, ಅಲ್ಲಿ ಮುಷ್ಟಿ ಮಾತ್ರ ಎತ್ಬೇಡಿ, ಆಯ್ತಾ?" ಎಂದ. ಮೂವತ್ತನಾಲ್ಕು ವರ್ಷದ ಗಂಡಸು ಕಾರಿನ ಜೊತೆ ಗೇಟಿನವರೆಗೂ ಓಡಿ ಬಂದ.

ಹುಡುಗಿಯ ಮನೆಯಲ್ಲಿ ಚಾಪೆಯ ಮೇಲೆ ಎದುರುಬದುರು ಕೂತೆವು. ನಡುವೆ ನಾವು ತಂದ ತಟ್ಟೆಗಳು: ಸಿಹಿ, ಹಣ್ಣು, ಬಟ್ಟೆ, ಎಲ್ಲಕ್ಕಿಂತ ಮುಂದೆ ವೀಳ್ಯದ ತಟ್ಟೆ. ಅವರ ಪರವಾಗಿ ಮಾತಾಡಲು ಕೂತಿದ್ದವಳು ನಜ್ಮಿಯಾಳ ಅಜ್ಜಿ ಕಲ್ಸೋಮ್. ಒಣಮೀನಿನಂಥ ದೇಹ, ಹಡಗಿನ ಸೈರನ್ನಿನಂಥ ಕಂಠ.

"ಹೊಳೆಯ ಮೇಲೆ ದೋಣಿ ಬಂತು,
ಹಾಯಿ ತುಂಬ ಗಾಳಿ;
ಅಂಗಳದಲಿ ಯಾಕೆ ನಿಂತು
ಬಾಗಿಲ ನೋಡ್ತೀರಿ ಹೇಳಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ಗುಡುಗಿದೆ:

"ಹುಡುಗ ನಮ್ಮವನು, ಹುಡುಗಿ ನಿಮ್ಮವಳು;
ಕೊಡ್ತೀರೋ ಇಲ್ಲವೋ, ಈಗಲೇ ಹೇಳಿ!"

ಅಜ್ಜಿ ಇನ್ನೂ ಕಾಯುತ್ತಿದ್ದಳು. "ಮೊದಲಿನ ಎರಡು ಸಾಲು?"

"ಇಲ್ಲ. ನೇರ ವಿಷಯ."

"ಅನ್ನ ಬಡಿಸದೇ ಕೈ ತೊಳೆಸಿದ್ಯಲ್ಲೋ ಜಮ್ಹಾರಿ!" ಎಂದಳು ಅಜ್ಜಿ. ಹೆಂಗಸರ ಸಾಲಿನಲ್ಲಿ ಸೆರಗುಗಳು ಬಾಯಿಗೆ ಹೋದವು. ಆದರೂ ಮುದುಕಿ ದೊಡ್ಡ ಮನಸ್ಸು ಮಾಡಿ ಮುಂದುವರಿಸಿದಳು:

"ಬೇಲಿಗೆ ಹಬ್ಬಿದೆ ಸೋರೆಯ ಬಳ್ಳಿ,
ಕಾಯಿನ್ನೂ ತೀರಾ ಎಳಸು;
ಅನ್ನ ಬೇಯಿಸಲೂ ಬಾರದ ಮಳ್ಳಿ,
ನಿಮಗ್ಯಾಕೆ ಇಂಥ ಕನಸು?"

ನನಗೆ ಕಾರ್ಖಾನೆಯ ಮ್ಯಾನೇಜರ್ ನೆನಪಾದ. ಅವನೂ ಹೀಗೆಯೇ: ಕಾಲ ಕೂಡಿ ಬಂದಿಲ್ಲ, ಕಂಪನಿ ಇನ್ನೂ ಎಳಸು. ಈ ರಾಗವನ್ನು ನಾನು ಕೇಳದವನೇ? ಕಿವಿ ಕೆಂಪಾಯಿತು. ಹಿಂದಿನಿಂದ ರುಗಾಯಾ ನನ್ನ ಬೆನ್ನು ಜಿಗುಟಿದಳು. "ಅದು ಶಾಸ್ತ್ರದ 'ಬೇಡ' ಕಣ್ರೀ, ನಿಜವಾದ 'ಬೇಡ' ಅಲ್ಲ! 'ಅಕ್ಕಿ ನಾವೇ ತೊಳೀತೀವಿ' ಅಂತ ನಾಲ್ಕು ಸಾಲು ಹೇಳಿ, ಮುಗೀತು."

ಆದರೆ ನಾನು ಎದ್ದಾಗಿತ್ತು. "ಎಳಸಂತೆ! ಹಸುವಿನ ಹೊಟ್ಟೇಲಿ ಭುಜದವರೆಗೂ ಕೈ ಹಾಕಿ ಕರು ಎಳೆಯೋ ಹುಡುಗಿ ಎಳಸೇ? ಇದು ಕಾಲಹರಣದ ತಂತ್ರ! ಮಾತುಕತೆ ಮುರಿದುಬಿದ್ದಿದೆ! ನಮ್ಮವರೆಲ್ಲ ಏಳಿ!"

(ಮುಷ್ಟಿಯೂ ಎದ್ದಿತ್ತು. ಅದನ್ನು ನಾನು ಎತ್ತಲಿಲ್ಲ; ಅಭ್ಯಾಸಬಲದಿಂದ ತಾನೇ ಹೋಯಿತು.)

ಒಳಗಿನ ಕೋಣೆಯಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಹೊರಬರುವಾಗ ಅಡುಗೆಮನೆಯಿಂದ ದನದ ಮಾಂಸದ ರೆಂದಾಂಗ್ ಘಮಘಮಿಸುತ್ತಿತ್ತು. ಅದನ್ನು ಬಿಟ್ಟು ನಡೆದದ್ದು ನನ್ನ ಹೋರಾಟದ ಬದುಕಿನ ಅತ್ಯಂತ ದೊಡ್ಡ ತ್ಯಾಗ.

ಮನೆಯಲ್ಲಿ ವಿಷಯ ಕೇಳಿದ ಹೈಕಲ್ ಬೈಯಲಿಲ್ಲ, ಅಳಲಿಲ್ಲ. "ಆಯ್ತು ಅಬಾ" ಎಂದು ಇಸ್ತ್ರಿ ಮಾಡಿದ ಅಂಗಿಯನ್ನು ಮಡಚಿ ಕಪಾಟಿನಲ್ಲಿಟ್ಟ. ಲಾಠಿ ತಿಂದ ಬೆನ್ನಿಗೂ ಅಷ್ಟು ನೋವಾಗಿರಲಿಲ್ಲ. ನೋವು ಮರೆಸಲು ಬೇರೆ ಯಾರ ಮೇಲಾದರೂ ರೇಗಬೇಕಲ್ಲ? ವಾಪಸ್ ತಂದ ತಟ್ಟೆಗಳನ್ನು ನೋಡಿದೆ. "ವೀಳ್ಯದ ತಟ್ಟೆ ಎಲ್ಲಿ? ಯಾರು ಮರೆತಿದ್ದು?"

"ಯಾರೂ ಮರೀಲಿಲ್ಲ. ನಾನೇ ಬಿಟ್ಟು ಬಂದೆ," ಎಂದಳು ರುಗಾಯಾ. "ವೀಳ್ಯದ ತಟ್ಟೆ ಅವರ ಮನೇಲಿರೋವರೆಗೂ ನಮ್ಮ ಮಾತು ಅಲ್ಲಿ ಇದ್ದಂಗೆ. ಬೇಡಾಂದ್ರೆ ಅವರು ಎಲೆ ಮುಟ್ಟದೇ ವಾಪಸ್ ಕಳಿಸ್ಬೇಕು. ಈಗ ನೀವು ಬಾಯಿ ಮುಚ್ಕೊಂಡು ಕಾಯಿರಿ."

ಮಾರನೆಯ ಬೆಳಿಗ್ಗೆ ಬಾಡಿಗೆ ಕಾರೊಂದು ಬಂದು ನಿಂತಿತು. ಕಲ್ಸೋಮ್ ಅಜ್ಜಿ ಇಳಿದಳು. ಕೈಯಲ್ಲಿ ನಮ್ಮ ವೀಳ್ಯದ ತಟ್ಟೆ! ಬಾಗಿಲಲ್ಲಿದ್ದ ಹೈಕಲ್ ಗೋಡೆಗೆ ಒರಗಿಬಿಟ್ಟ. ನಾನು ಕೋಳಿಗೂಡಿನ ಹಿಂದೆ ಅಡಗಲು ನುಸುಳುತ್ತಿದ್ದೆ. "ನಿಲ್ಲೋ!" ಎಂದಿತು ಸೈರನ್. ನಿಂತೆ.

ಅಜ್ಜಿ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಒಂದೂ ಎಲೆಯಿರಲಿಲ್ಲ. ಅಜ್ಜಿಯ ತುಟಿಯೇ ಉತ್ತರದಂತೆ ಕೆಂಪಗಿತ್ತು.

"ಬಾವಿಯ ಕಟ್ಟೇಲಿ ಕೂತಿದೆ ಕಾಗೆ,
ಕೂಗಿಗೆ ನೀರೇನು ಕೆಡದು;
ಮನಸೊಪ್ಪಿದವರ ಮದುವೆಯು ಹಾಗೇ,
ಬೀಗರ ಬಾಯ್ಬೆಂಕಿ ಸುಡದು."

ಮೊದಲಿನ ಎರಡು ಸಾಲಿಗೆ ನಾನು ತಲೆದೂಗುತ್ತಿದ್ದೆ. ಕಾಗೆ ಎಂದರೆ ನಾನೇ ಎಂದು ಗೊತ್ತಾದದ್ದು ನಾಲ್ಕನೆಯದರಲ್ಲಿ. ಕೆನ್ನೆ ಸವರುತ್ತಾ ಬಂದ ಕೈಯೇ ಹೊಡೆದರೆ ತಪ್ಪಿಸಿಕೊಳ್ಳುವುದು ಎಲ್ಲಿಂದ? ಆ ದಂಡದ ಸಾಲುಗಳು ಯಾಕಿವೆ ಎಂದು ಅಂದು ತಿಳಿಯಿತು.

ಹೈಕಲ್ ಅಜ್ಜಿಯ ಕೈಗೆ ಮುತ್ತಿಟ್ಟು ಒಳಗೆ ಓಡಿದ, ಫೋನ್ ಮಾಡಲು. ಅಜ್ಜಿ ಚಹಾ ಕುಡಿಯುತ್ತಾ ಕೇಳಿದಳು: "ಅಲ್ವೇ ರುಗಾಯಾ, ತಟ್ಟೆ ಬಿಟ್ಟು ಹೋಗೋ ಉಪಾಯ ಎಲ್ಲಿ ಕಲಿತೆ?"

"ನನ್ನ ಮದುವೇಲೇ ಅಜ್ಜಿ. ಇವರ ಸೋದರಮಾವ ಹೆಣ್ಣು ಕೇಳೋಕೆ ಬಂದಿದ್ರು. 'ಜೈಲಿಗೆ ಹೋಗೋನಿಗೆ ಮಗಳನ್ನ ಕೊಡಲ್ಲ' ಅಂತ ನಮ್ಮಪ್ಪ ಪದ್ಯದಲ್ಲಿ ಹೇಳಿದ್ರು. ಅದು ಶಾಸ್ತ್ರದ್ದಲ್ಲ, ನಿಜವಾದ 'ಬೇಡ'! ಮಾವನಿಗೆ ಉತ್ತರ ಪದ್ಯ ಬರ್ಲಿಲ್ಲ. ಬೆವೆತು, ಗಾಬರಿ ಬಿದ್ದು, ತಟ್ಟೆ ಅಲ್ಲೇ ಮರೆತು ಓಡಿದ್ರು."

"ನಿಮ್ಮಪ್ಪ ವಾಪಸ್ ಕಳಿಸ್ಲಿಲ್ವಾ?"

"ಕಳಿಸೋರೇ ಇದ್ರು. ಅಷ್ಟರಲ್ಲಿ ಎಲೆ ನಾನು ತಿಂದುಬಿಟ್ಟಿದ್ದೆ."

ನಾನು ಚಹಾದ ಲೋಟ ಕೆಳಗಿಟ್ಟೆ. "ಹಾಗಾದ್ರೆ ನನ್ನ ಭಾಷಣ?"

"ಅಪ್ಪ ಒಂದ್ಸಲ ಕೇಳಿದ್ರು," ಎಂದಳು. "ಅದಕ್ಕೇ 'ಬೇಡ' ಅಂದಿದ್ದು."

ಇಬ್ಬರು ಹೆಂಗಸರೂ ನಕ್ಕ ಸದ್ದಿಗೆ ಕೋಳಿಗಳು ಗೂಡು ಬಿಟ್ಟು ಹಾರಿದವು.

ಮದುವೆಯ ದಿನ ಹುಡುಗಿಯ ಮನೆಯ ಬಾಗಿಲಲ್ಲಿ ನಮ್ಮ ಕಡೆಯಿಂದ ಪದ್ಯ ಹೇಳಿದವಳು ರುಗಾಯಾ. ಪ್ರತಿಯೊಂದಕ್ಕೂ ನಾಲ್ಕು ಸಾಲು, ಒಂದೂ ಕಡಿಮೆಯಿಲ್ಲ. ಜನ ಹೆಚ್ಚಿದ್ದರಿಂದ ನನ್ನ ಕೈಮೈಕು ಕೊನೆಗೂ ಉಪಯೋಗಕ್ಕೆ ಬಂತು. ನಾನೇ ಹಿಡಿದಿದ್ದೆ, ಅವಳ ಬಾಯಿಗೆ.