ಭೂತಗನ್ನಡಿಯವರು ಬೈಕು ಪಾಸು ಮಾಡಿದ್ದು

“ನನಗೆ ಮೋಸ ಮಾಡೋ ಮಷೀನು ಈ ಭೂಮಿ ಮೇಲೆ ಇನ್ನೂ ತಯಾರಾಗಿಲ್ಲ ಕಣೇ!”

ಭೂತಗನ್ನಡಿಯವರು ಈ ಘೋಷಣೆಯನ್ನು ಹೊರಡಿಸಿದ್ದು ಹಲ್ಲುಜ್ಜುತ್ತಾ. ಹಾಗಾಗಿ ಅದರಲ್ಲಿ ಅರ್ಧ ಭಾಗ ಬಚ್ಚಲಿನ ಕನ್ನಡಿಯ ಮೇಲೆ ಬಿತ್ತು. ಹೆಂಡತಿ ಬಟ್ಟೆ ತಂದು ಕನ್ನಡಿ ಒರೆಸುತ್ತಾ ಕೇಳಿದಳು:

“ಯಾವ ಮಷೀನು ತಗೊಳ್ತಿದೀರಿ ಈಗ?”

“ಬೈಕು! ದೂರ ಪ್ರಯಾಣದ ದೊಡ್ಡ ಬೈಕು. ಸೆಕೆಂಡ್ ಹ್ಯಾಂಡು. ಒಂದು ಲಕ್ಷದ ಹದಿನೆಂಟು ಸಾವಿರ ಕಿಲೋಮೀಟರು ಓಡಿರೋದು!”

“ಪಾಪ, ಅಷ್ಟು ದುಡಿದಿರೋದಕ್ಕೆ ರಿಟೈರ್‌ಮೆಂಟ್ ಕೊಡೋದು ಬಿಟ್ಟು ನಿಮ್ಮ ಕೈಗೆ ಯಾಕ್ರೀ ಕೊಡ್ತಾರೆ?”

“ನಿಂಗೆ ಗೊತ್ತಾಗಲ್ಲ ಬಿಡು. ಕಮ್ಮಿ ಓಡಿದ ಗಾಡಿ ಅಂದ್ರೆ ಎರಡೇ ಅರ್ಥ. ಮೀಟರ್ ತಿರುಗಿಸಿರ್ತಾರೆ, ಇಲ್ಲಾ ಮೂಲೇಲಿ ಕೊಳೆಸಿರ್ತಾರೆ. ಲಕ್ಷ ಓಡಿರೋದು ಇನ್ನೊಂದು ಲಕ್ಷ ಓಡುತ್ತೆ!”

ಭೂತಗನ್ನಡಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯವರು ಇಟ್ಟದ್ದು. ಅಲ್ಲಿ ಅವರು ಇಪ್ಪತ್ತನಾಲ್ಕು ವರ್ಷಗಳಿಂದ ಪರೀಕ್ಷಕರು. ಮೊಸರಿನಲ್ಲಿ ಕಲ್ಲು ಹುಡುಕಿದ್ದಕ್ಕೆ ತಿಂಗಳ ಸಂಬಳ ಪಡೆಯುವ ಭಾಗ್ಯ ಎಷ್ಟು ಜನಕ್ಕುಂಟು! ಪಂಪು ಅವರ ಮನಸ್ಸಿಗೆ ಬರದಿದ್ದರೆ ಜೇಬಿನಿಂದ ಒಂದು ಕೆಂಪು ಚೀಟಿ ಹೊರಬರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘ತಿರಸ್ಕೃತ’. ಕೆಳಗೆ ‘ದೋಷ’ ಎಂದು ಒಂದು ಗೆರೆ, ‘ಸಹಿ’ ಎಂದು ಇನ್ನೊಂದು ಗೆರೆ. ಕೊನೆಯಲ್ಲಿ ‘ಬೇರೆ ಬಳಕೆ’ ಎಂದು ಮತ್ತೊಂದು. ಪಂಪಿಗೆ ಆಗದ ತುಂಡು ಬೇರೇನಕ್ಕಾದರೂ ಆದೀತೇ ಎಂದು ಬರೆಯುವ ಜಾಗ ಅದು. ಒಮ್ಮೆ ಚೀಟಿ ಅಂಟಿತೆಂದರೆ ಮ್ಯಾನೇಜರ್ ಬಂದರೂ ಕೀಳುವಂತಿಲ್ಲ. ಇಷ್ಟು ವರ್ಷದಲ್ಲಿ ಅವರು ಒಂದೇ ಒಂದು ಸುಳ್ಳು ಚೀಟಿ ಅಂಟಿಸಿದವರಲ್ಲ. ಅದು ಅವರ ಆಸ್ತಿ, ಅವರ ಮೀಸೆ, ಅವರ ಕಿರೀಟ!

ಈಗ ಬೈಕಿನ ಹುಚ್ಚು ಹಿಡಿದದ್ದಕ್ಕೂ ಕಾರಣವಿತ್ತು. ಕಾರ್ಖಾನೆಯ ಬೈಕು ಬಳಗದವರು ಭಾನುವಾರ ಇನ್ನೂರು ಕಿಲೋಮೀಟರು ದೂರದ ಅಣೆಕಟ್ಟಿಗೆ ಹೊರಟಿದ್ದರು. ನೋಟಿಸು ಹಲಗೆಯ ಮೇಲೆ ‘ಮುಂದಾಳು’ ಎಂಬ ಜಾಗ ಖಾಲಿ ಇತ್ತು. ಭೂತಗನ್ನಡಿಯವರು ಬೈಕು ಕೊಳ್ಳುವ ಮೊದಲೇ ಅಲ್ಲಿ ತಮ್ಮ ಹೆಸರು ಬರೆದು, ಅಡಿಗೆರೆಯನ್ನೂ ಎಳೆದು ಬಂದಿದ್ದರು. ಇನ್ನೊಂದು ಕಾರಣವನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಹೆಂಡತಿ ಅವರಿಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋದಲ್ಲಿ ಮಾತ್ರ ಅವರೇ ಎರಡು ಬೆರಳು ಮೇಲಿದ್ದಾರೆ. ಏಕೆಂದರೆ ಕಾಲ ಕೆಳಗಿದ್ದ ಸೋಡಾ ಪೆಟ್ಟಿಗೆ ಫೋಟೋದಲ್ಲಿ ಬಂದಿಲ್ಲ. ಬೈಕಿನ ಮೇಲೆ ಕೂತವನ ಎತ್ತರವನ್ನು ಯಾರು ಅಳೆಯುತ್ತಾರೆ? ಮುಂದೆ ತಾವು, ಹಿಂದೆ ಅವಳು, ಅವರ ಹಿಂದೆ ಇಡೀ ಕಾರ್ಖಾನೆ! ಈ ಒಂದು ಚಿತ್ರಕ್ಕಾಗಿ ಅವರ ಜೀವ ಹಂಬಲಿಸುತ್ತಿತ್ತು.

“ನೋಡೋಕೆ ನಾನೂ ಬರ್ಲಾ?” ಎಂದಳು ಹೆಂಡತಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ದ್ವಿಚಕ್ರ ಕಲಿಸುವವಳು. ಊರಿನ ಅರ್ಧ ಜನ ಅವಳ ಸೀಟಿಯ ಸದ್ದಿಗೆ ಹೆದರಿ ಲೈಸೆನ್ಸಿಗಾಗಿ ಎಂಟು ಹಾಕಿದವರೇ.

“ಬಾ. ಆದ್ರೆ ಬಾಯಿ ಹಾಕ್ಬೇಡ. ಎಂಟು ಹಾಕಿಸೋದೇ ಬೇರೆ, ಪರೀಕ್ಷೆ ಮಾಡೋದೇ ಬೇರೆ.”

ಬೈಕಿನ ಒಡತಿ ಹೊಲಿಗೆ ಯಂತ್ರ ರಿಪೇರಿಯ ಅಕ್ಕ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಬೈಕಿನ ಎರಡು ಪಕ್ಕದ ಪೆಟ್ಟಿಗೆಗಳಲ್ಲಿ ಸೂಜಿ, ಬಾಬಿನ್, ಬೆಲ್ಟು ತುಂಬಿಕೊಂಡು ಹದಿನಾಲ್ಕು ವರ್ಷ ಊರೂರು ಸುತ್ತಿದವಳು. ಮಂಡಿನೋವು ಬಂದದ್ದರಿಂದ ಮಾರುತ್ತಿದ್ದಳು. ಅದೂ ಸುಲಭಕ್ಕೆ ಮಾರುವವಳಲ್ಲ. ಬಂದ ಒಂಬತ್ತು ಜನರನ್ನು ಆಗಲೇ ವಾಪಸು ಕಳಿಸಿದ್ದಳು.

ಭೂತಗನ್ನಡಿಯವರು ಅರವತ್ತೆಂಟು ಅಂಶಗಳ ಪಟ್ಟಿ ಬಿಚ್ಚಿದರು. ಟೈರಿನ ಗೆರೆಗೆ ಅಳತೆಕಡ್ಡಿ ಇಳಿಸಿದರು. ಚೈನಿನ ಒಂದೊಂದು ಕೊಂಡಿಯನ್ನೂ ಮಾತಾಡಿಸಿದರು. ನೆಲದ ಮೇಲೆ ಬೆನ್ನು ಹಾಕಿ ಮಲಗಿ, ಎಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟರು.

“ಈಗ ನೀವು ಓಡಿಸಿ ಅಕ್ಕ, ನಾನು ಕೇಳ್ತೀನಿ.”

“ನೀವೇ ಒಂದ್ಸಲ ಹತ್ತಿ ನೋಡಿ ಸಾರ್.”

“ಇಲ್ಲ ಇಲ್ಲ! ಪರೀಕ್ಷಕ ಮಷೀನು ಓಡಿಸಬಾರದು. ಓಡಿಸೋನು ಬೇರೆ, ನೋಡೋನು ಬೇರೆ. ಇಪ್ಪತ್ತನಾಲ್ಕು ವರ್ಷದಿಂದ ನಮ್ಮಲ್ಲಿ ಇದೇ ನಿಯಮ.”

ಅಕ್ಕ ಮೂರು ಸಲ ಹೇಳಿದಳು. ಮೂರು ಸಲವೂ ನಿಯಮವೇ ಗೆದ್ದಿತು. ಅಕ್ಕ ಓಡಿಸಿದಳು, ಇವರು ಪಕ್ಕದಲ್ಲಿ ಕಿವಿ ನಿಮಿರಿಸಿಕೊಂಡು ಓಡಿದರು. ಬೈಕು ನಿಂತಿತು. ಇವರು ಮತ್ತೆ ಅದರ ಹೊಟ್ಟೆಯ ಕೆಳಗೆ ನುಸುಳಿದರು. ಅಷ್ಟರಲ್ಲಿ ಹೆಂಡತಿ ಸುಮ್ಮನೆ ಬೈಕಿನ ಮೇಲೆ ಕೂತಳು. ಎರಡು ಪಾದವೂ ನೆಲಕ್ಕೆ ಪೂರ್ತಿ ಊರಿದವು. ಅಕ್ಕ ಅದನ್ನು ನೋಡಿದಳು, ಮುಗುಳ್ನಕ್ಕಳು.

“ಸರಿ, ನಿಮ್ಮ ಮನೆಗೆ ಕೊಡ್ತೀನಿ. ನಾನೇ ಓಡಿಸ್ಕೊಂಡು ಬಂದು ಬಿಡ್ತೀನಿ.”

ಬೈಕಿನ ಕೆಳಗಿನಿಂದ ಧ್ವನಿ ಬಂತು: “ಅರವತ್ತೆಂಟಕ್ಕೆ ಅರವತ್ತೆಂಟು! ಪಾಸು!”

ಶನಿವಾರ ಸಂಜೆ ಬೈಕು ಮನೆಯ ಮುಂದೆ ನಿಂತಿತು. ಅಕ್ಕ ಬೀಗದ ಕೈ ಕೊಟ್ಟು ಹೋದಳು. ಭೂತಗನ್ನಡಿಯವರು ಜಾಕೆಟು ತೊಟ್ಟು, ಹೆಲ್ಮೆಟು ಬಿಗಿದು, ಮೊಣಕಾಲಿಗೆ ಕವಚ ಕಟ್ಟಿ, ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಬಂದು ಕಾಲೆತ್ತಿದರು. ಕಾಲು ಸೀಟಿನವರೆಗೆ ಹೋಗಲಿಲ್ಲ. ಮತ್ತೆ ಎತ್ತಿದರು. ಪ್ಯಾಂಟಿನ ಹೊಲಿಗೆ ಪರ್ರೆಂದು ಮಾತಾಡಿತು, ಕಾಲು ಹೋಗಲಿಲ್ಲ. ಕೊನೆಗೆ ಬೈಕನ್ನು ಬಾಗಿಲ ಮೆಟ್ಟಿಲ ಬದಿಗೆ ನೂಕಿ, ಮೂರನೇ ಮೆಟ್ಟಿಲಿನಿಂದ ಹತ್ತಿ ಕೂತರು. ಸೋಡಾ ಪೆಟ್ಟಿಗೆಯ ನೆನಪಾಯಿತೋ ಏನೋ, ಆಚೀಚೆ ನೋಡಿದರು. ಯಾರೂ ಇರಲಿಲ್ಲ. ಹೊರಟೇಬಿಟ್ಟರು!

ಆಹಾ, ಏನು ಓಟ! ಎಂಜಿನ್ನು ಬೆಣ್ಣೆಯ ಹಾಗೆ. ಗಾಳಿ, ಬೀದಿ, ಜನ, ಎಲ್ಲ ಅವರದೇ. ಆ ವೈಭವ ಮೊದಲನೇ ಸಿಗ್ನಲ್ಲಿನವರೆಗೆ ಇತ್ತು. ಕೆಂಪು ದೀಪ ಬಂತು. ಬ್ರೇಕು ಹಿಡಿದರು. ಎಡಗಾಲು ಕೆಳಗೆ ಬಿಟ್ಟರು. ಕಾಲು ಹೋಯಿತು, ಹೋಯಿತು, ಇನ್ನೂ ಹೋಯಿತು, ನೆಲ ಮಾತ್ರ ಸಿಗಲಿಲ್ಲ! ಇನ್ನೂರಮೂವತ್ತು ಕೆ.ಜಿ. ಬೈಕು ಎಮ್ಮೆ ಮಲಗಿದಂತೆ ನಿಧಾನವಾಗಿ ಎಡಕ್ಕೆ ಮಲಗಿತು. ನಾಲ್ಕು ಜನ ಸೇರಿ ಎತ್ತಿದರು, ಎತ್ತಿ ಇವರನ್ನೂ ಮೇಲಿಟ್ಟರು. “ಹೊಸದಾ ಸಾರ್?” ಎಂದ ಒಬ್ಬ. “ಬೈಕು ಹಳೇದು!” ಎಂದು ಗುಡುಗಿ ಭೂತಗನ್ನಡಿಯವರು ಮುಂದೆ ಹೋದರು.

ಆಗ ಅವರಿಗೆ ಜ್ಞಾನೋದಯವಾಯಿತು. ನಿಲ್ಲಬೇಕಾದರೆ ಎಡಕ್ಕೆ ಎತ್ತರದ ಜಾಗ ಬೇಕು. ಇಲ್ಲವಾದರೆ ನಿಲ್ಲಲೇಬಾರದು. ಹುಲಿ ಸವಾರಿ ಮಾಡಿದವನಿಗೆ ಇಳಿಯುವುದೇ ಕಷ್ಟ! ಸಂದಿಗೊಂದಿಯಲ್ಲಿ ನುಗ್ಗಿ, ಸಿಗ್ನಲ್ಲುಗಳನ್ನು ತಪ್ಪಿಸಿ, ಹೇಗೋ ತಮ್ಮ ಬೀದಿಗೆ ಬಂದರು. ಮನೆಯ ಮೆಟ್ಟಿಲು ಕಂಡರೆ ಸಾಕಿತ್ತು. ಆದರೆ ಮೆಟ್ಟಿಲ ಪಕ್ಕದಲ್ಲೇ ಎದುರುಮನೆಯ ದಂತವೈದ್ಯರ ಹೊಸ ಸೋಫಾ ಲಾರಿಯಿಂದ ಇಳಿದು ಕೂತಿತ್ತು!

ಒಂದು ಸುತ್ತು ಹೊಡೆದರು. ಸೋಫಾ ಕದಲಲಿಲ್ಲ. ಎರಡನೇ ಸುತ್ತು. ದಂತವೈದ್ಯರು ಕೈಬೀಸಿ, “ಭಲೇ!” ಎಂದರು. ಮೂರನೇ ಸುತ್ತು. ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ಕೂಗಿದಳು, “ಸಾಕು ಬನ್ರೀ, ಬೀದಿಯವರೆಲ್ಲ ನೋಡಿ ಆಯ್ತು!”

“ಸೋಫಾ ತೆಗೀರಿ!”

“ಯಾಕ್ರೀ, ನಿಲ್ಸೋಕೆ ಬರಲ್ವಾ?”

“ಬರುತ್ತೆ! ಸೋಫಾ ತೆಗೀರಿ ಅಂದೆ!”

ನಾಲ್ಕನೇ ಸುತ್ತಿಗೆ ಹಣೆಯ ಬೆವರು ಕಣ್ಣಿಗಿಳಿಯಿತು, ಧೈರ್ಯ ಕಾಲಿಗಿಳಿಯಿತು. ಬ್ರೇಕು ಹಿಡಿದರು. ಎಮ್ಮೆ ಮತ್ತೆ ಮಲಗಿತು, ಈ ಸಲ ಮೆತ್ತಗೆ, ಸೋಫಾದ ಮೇಲೆ! ಬೈಕಿಗೆ ಒಂದು ಗೆರೆಯೂ ಬೀಳಲಿಲ್ಲ. ಸೋಫಾದ ಹೊಟ್ಟೆಯಿಂದ ಸ್ಪ್ರಿಂಗೊಂದು ಟಣ್ಣನೆ ಎದ್ದು ನಿಂತಿತು.

“ಸೋಫಾ ಇಡೋಕೆ ನಿಮಗೆ ಇದೇ ಜಾಗ ಸಿಕ್ತಾ ಡಾಕ್ಟ್ರೇ? ಅದೂ ಅಲ್ಲದೆ ಈ ಸ್ಪ್ರಿಂಗ್ ನೋಡಿ, ಇದರ ಹದವೇ ಸರಿ ಇಲ್ಲ...”

“ಸ್ವಲ್ಪ ಬಾಯಿ ಮುಚ್ಚಿ ಸಾರ್,” ಎಂದರು ದಂತವೈದ್ಯರು. “ನನ್ನ ವೃತ್ತೀಲೇ ಮೊದಲನೇ ಸಲ ಒಬ್ಬರಿಗೆ ಹೀಗೆ ಹೇಳ್ತಿದೀನಿ.”

ಹೆಂಡತಿ ಕೆಳಗಿಳಿದು ಬಂದಳು. ಹ್ಯಾಂಡಲನ್ನು ಒಂದು ಕೈಲಿ, ಹಿಂದಿನ ಕಂಬಿಯನ್ನು ಇನ್ನೊಂದು ಕೈಲಿ ಹಿಡಿದು, ಮಂಡಿ ಬಗ್ಗಿಸಿ, ತನ್ನ ವಿದ್ಯಾರ್ಥಿಗಳಿಗೆ ಕಲಿಸುವ ಹಾಗೆಯೇ ಬೈಕನ್ನು ಎತ್ತಿ ನಿಲ್ಲಿಸಿದಳು. ಸೋಫಾ ರಿಪೇರಿ ಮಾಡಿಸಿಕೊಡುತ್ತೇವೆಂದು ದಂತವೈದ್ಯರಿಗೆ ಮಾತು ಕೊಟ್ಟಳು. ಬೈಕಿನಿಂದ ಬೀಗದ ಕೈ ತೆಗೆದುಕೊಂಡು ಒಳಗೆ ಹೋದಳು. ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತು.

ಬೆಳಗಾದರೆ ಭಾನುವಾರ! ನೋಟಿಸು ಹಲಗೆಯ ಮೇಲಿನ ಅಡಿಗೆರೆ ಕಣ್ಣಮುಂದೆ ಬಂತು. ತಮ್ಮ ಕೈಲಿ ಸಾವಿರ ಕೆಂಪು ಚೀಟಿ ತಿಂದ ಲೇತ್ ವಿಭಾಗದವರೆಲ್ಲ ಹಲ್ಲು ಕಿರಿದು ನಿಂತಿರುವುದು ಕಂಡಿತು. ಭೂತಗನ್ನಡಿಯವರು ಅಕ್ಕನಿಗೆ ಫೋನು ಮಾಡಿದರು.

“ಅಕ್ಕ, ಗಾಡೀಲಿ ದೋಷ ಇದೆ. ವಾಪಸ್ ತಗೊಳ್ಳಿ.”

“ಏನು ದೋಷ ಸಾರ್?”

“ಸೀಟು ಎತ್ತರ.”

“ಹದಿನಾಲ್ಕು ವರ್ಷದಿಂದ ಅಷ್ಟೇ ಎತ್ತರ ಇದೆ.”

“ನನಗೆ ಮೊದಲೇ ಹೇಳ್ಬೇಕಿತ್ತು ನೀವು!”

“ಮೂರು ಸಲ ಹತ್ತಿ ನೋಡಿ ಅಂದೆ. ಅಲ್ಲದೆ ನಾನು ನಿಮಗೆಲ್ಲಿ ಕೊಟ್ಟೆ ಸಾರ್? ನಿಮ್ಮ ಮನೆಗೆ ಕೊಟ್ಟೆ. ನಿಮ್ಮ ಮನೆಯವರು ಕೂತಿದ್ದು ನೋಡಿ ಕೊಟ್ಟೆ. ನೀವೊಬ್ಬರೇ ಬಂದಿದ್ರೆ ಹತ್ತನೆಯವರಾಗಿ ವಾಪಸ್ ಹೋಗ್ತಿದ್ರಿ.”

ಫೋನು ಕೆಳಗಿಟ್ಟಾಗ ಅವರ ಮುಖ ಇಂಗು ತಿಂದ ಮಂಗನಂತಿತ್ತು. ಆಗ ಆ ಮನುಷ್ಯ ಒಂದು ಕೆಲಸ ಮಾಡಿದರು. ಹೇಳಲು ನನಗೇ ನಾಚಿಕೆ. ಜೇಬಿನಿಂದ ಕೆಂಪು ಚೀಟಿ ತೆಗೆದು, ದೋಷದ ಗೆರೆಯಲ್ಲಿ ‘ಎತ್ತರದ ಅಳತೆ ತಪ್ಪಿದೆ’ ಎಂದು ಬರೆದು, ಸಹಿ ಹಾಕಿ, ಹೋಗಿ ಬೈಕಿನ ಟ್ಯಾಂಕಿಗೆ ಅಂಟಿಸಿದರು. ಇಪ್ಪತ್ತನಾಲ್ಕು ವರ್ಷದ ಮೊದಲ ಸುಳ್ಳು ಚೀಟಿ! ಬೆಳಗ್ಗೆ ಅದರ ಫೋಟೋ ತೆಗೆದು ಬಳಗಕ್ಕೆ ಕಳಿಸಿದರೆ ಮುಗಿಯಿತು. ಬೈಕು ನಪಾಸು, ಮಾನ ಪಾಸು.

ಬಾಗಿಲಲ್ಲಿ ನಿಂತು ಹೆಂಡತಿ ನೋಡುತ್ತಿದ್ದಳು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಗಾಡೀದೇನ್ರೀ ತಪ್ಪು?”

ಅವರು ಚೀಟಿಯ ಮೂಲೆಯನ್ನು ಇನ್ನೊಮ್ಮೆ ಒತ್ತಿದರು. “ನಿನ್ನನ್ನ ಹಿಂದೆ ಕೂರಿಸ್ಕೊಂಡು ಒಂದ್ಸಲ ಎಲ್ಲರ ಮುಂದೆ ಹೋಗ್ಬೇಕು ಅಂತಿತ್ತು ಕಣೇ. ಅಷ್ಟೇ.”

ಅವಳು ಬಗ್ಗಿ ಚೀಟಿ ಓದಿದಳು. “ಎಲ್ಲರ ಮುಂದೆ ಹೋದ್ರಾಯ್ತು ತಾನೆ? ಮಲ್ಕೊಳ್ಳಿ. ಬೆಳಗ್ಗೆ ಐದಕ್ಕೆ ಏಳ್ಬೇಕು.”

ಬೆಳಗ್ಗೆ ಕಾರ್ಖಾನೆಯ ಗೇಟಿಗೆ ಮುಂದಾಳಿನ ಬೈಕು ಬಂತು. ಹ್ಯಾಂಡಲಿನ ಮೇಲೆ ಹೆಂಡತಿಯ ಕೈ, ಹೆಂಡತಿಯ ಸೊಂಟದ ಮೇಲೆ ಮುಂದಾಳಿನ ಕೈ. ಹದಿನೈದು ಬೈಕುಗಳ ಎದುರು ಅವಳು ಎರಡೂ ಪಾದ ಊರಿ ನಿಲ್ಲಿಸಿದಾಗ, ಸವಾರರಲ್ಲಿ ಆರು ಜನ, “ನಮಸ್ಕಾರ ಮೇಡಂ!” ಎಂದು ಬೆನ್ನು ನೆಟ್ಟಗೆ ಮಾಡಿದರು. ಎಲ್ಲರೂ ಅವಳ ಕೈಲಿ ಎಂಟು ಹಾಕಿದವರೇ. ಯಾರೂ ನಗಲಿಲ್ಲ. ಭೂತಗನ್ನಡಿಯವರ ಎದೆ ಮೆಲ್ಲಗೆ ಉಬ್ಬಿತು. ಮರ್ಯಾದೆ ಉಳಿಯಿತು!

ಆದರೆ ಹೊರಟ ಮೇಲೆ ಹಿಂದಿನಿಂದ ನಗು ಕೇಳಿಸತೊಡಗಿತು. ಒಬ್ಬೊಬ್ಬನೇ ಹತ್ತಿರ ಬರುತ್ತಿದ್ದ, ಇವರ ಬೆನ್ನು ನೋಡುತ್ತಿದ್ದ, ಬೈಕು ಓಲಾಡುವಷ್ಟು ನಗುತ್ತಾ ಹಿಂದೆ ಸರಿಯುತ್ತಿದ್ದ. ಲೇತ್ ವಿಭಾಗದವರಂತೂ ಸರತಿ ಹಿಡಿದು ಬಂದರು. ಇನ್ನೂರು ಕಿಲೋಮೀಟರು ಹೀಗೇ ನಡೆಯಿತು.

ಅಣೆಕಟ್ಟಿನ ಬಳಿ ಇಳಿದು ಭೂತಗನ್ನಡಿಯವರು ಜಾಕೆಟು ಬಿಚ್ಚಿ ನೋಡಿದರು. ಬೆನ್ನಿಗೆ ಕೆಂಪು ಚೀಟಿ, ರಾತ್ರಿ ಟ್ಯಾಂಕಿಗೆ ಅಂಟಿಸಿದ್ದ ಅದೇ ಚೀಟಿ! ತಿರಸ್ಕೃತ. ದೋಷ: ಎತ್ತರದ ಅಳತೆ ತಪ್ಪಿದೆ. ಕೆಳಗೆ ಅವರದೇ ಸಹಿ. ಅವರು ಖಾಲಿ ಬಿಟ್ಟಿದ್ದ ‘ಬೇರೆ ಬಳಕೆ’ಯ ಗೆರೆಯಲ್ಲಿ ಮಾತ್ರ ಹೆಂಡತಿಯ ದುಂಡನೆಯ ಅಕ್ಷರವಿತ್ತು:

‘ಹಿಂದಿನ ಸೀಟಿಗೆ ಆಗಬಹುದು.’